ಬೇಕಲಕ್ಕೆ ಹೋಗುವ ಮುಂಚೆ ಕುಂಬಳೆಯಲ್ಲಿ ಇಳಿಯಿರಿ

ನಮ್ಮ ಕಾಸರಗೋಡಿನ ಕಡೆ ಮೀನೂಟದ ಹೊತ್ತು ಅಂದರೆ ಮಧ್ಯಾಹ್ನ 12.30ರಿಂದ 2 ಗಂಟೆ. ಅದಕ್ಕೆ ಮುಂಚೆ ಹೋದರೆ ಅನ್ನ ಬೆಂದಿರುವುದಿಲ್ಲ, ಆಮೇಲೆ ಹೋದರೆ ಮೀನು ಉಳಿದಿರುವುದಿಲ್ಲ. ಡಿಸೆಂಬರ್ ಬಂತು ಅಂದರೆ ಬೆಂಗಳೂರು, ಮೈಸೂರಿನ ಗೆಳೆಯರ ಫೋನ್ ಶುರು. "ಬೇಕಲಕ್ಕೆ ಬರ್ತಿದ್ದೀವಿ, ಸಮುದ್ರ ನೋಡ್ತಾ ಮೀನು ತಿನ್ನೋಕೆ ಒಳ್ಳೆ ಜಾಗ ಹೇಳು ಮಾರಾಯ" ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ಕರ್ನಾಟಕದ ಗಡಿ ತಲಪಾಡಿ ದಾಟುವುದು ಎಷ್ಟು ಗಂಟೆಗೆ?

ಹೆಚ್ಚಿನವರು ಮಂಗಳೂರಲ್ಲಿ ಹೊಟ್ಟೆ ತುಂಬಿಸಿಕೊಂಡು ಹೊರಡುತ್ತಾರೆ. ಮೂರೂವರೆಗೆ ಬೇಕಲ ಕೋಟೆ. ಸೂರ್ಯ ಮುಳುಗುವವರೆಗೆ ಫೋಟೋ. ರಾತ್ರಿ ದೀಪ ಹಾಕಿದ ಯಾವುದೋ ಹೋಟೆಲಿನಲ್ಲಿ ಅಂಜಲ್ ತವಾ ಫ್ರೈ. ವಾಪಸ್ ಹೋಗಿ "ಚೆನ್ನಾಗಿತ್ತು, ಮಂಗಳೂರಿನ ಹಾಗೇ ಇತ್ತು" ಅಂತ ಮೆಸೇಜ್ ಹಾಕುತ್ತಾರೆ. ಈ ಮಾತು ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳನ್ನು ಅವರು ನೋಡಲೇ ಇಲ್ಲ. ಅಲ್ಲಿನ ಊಟ ಮಂಗಳೂರಿನ ಹಾಗೆ ಇಲ್ಲ, ಕಣ್ಣೂರಿನ ಹಾಗೂ ಇಲ್ಲ.

ಸಮುದ್ರ ಕಾಣುವ ಹೋಟೆಲಿನಲ್ಲಿ ತಾಜಾ ಮೀನು ಸಿಗುತ್ತದೆ ಅಂತ ನಾನೂ ನಂಬಿದ್ದವನೇ. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಭಾವನ ಮನೆಯವರನ್ನು ಅಂಥ ಒಂದು ಕಡೆ ಕರೆದುಕೊಂಡು ಹೋಗಿದ್ದೆ. ಎದುರಿಗೇ ಅಲೆ. ಅಂಜಲ್ ಹೇಳಿದೆವು. ಮುಕ್ಕಾಲು ಗಂಟೆ ಕಾದ ಮೇಲೆ ಬಂತು. ಮಸಾಲೆ ಹೊರಗೇ ನಿಂತಿತ್ತು, ಒಳಗೆ ಮೀನು ಮರದ ಹಾಗೆ ಗಟ್ಟಿ. ಅಕ್ಕನ ಚಿಕ್ಕ ಮಗಳು ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಬಡಿಸುವ ಹುಡುಗನನ್ನು ಕೇಳಿದರೆ ಪಾಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಈಗ ಬೋಟು ಬಂದ್ ಅಲ್ವಾ ಅಣ್ಣ, ಇದು ಐಸಿನದು."

ಅವನು ಹೇಳಿದ್ದು ಸರಿ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ ಟ್ರಾಲಿಂಗ್ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಸಾಂಪ್ರದಾಯಿಕ ದೋಣಿಗಳು ಹೋಗಬಹುದು, ಆದರೆ ಕಡಲು ಬಿಟ್ಟರೆ ಮಾತ್ರ. ಆ ತಿಂಗಳಲ್ಲಿ ಅಂಜಲ್ ಬೇಕು ಅಂತ ಹಟ ಹಿಡಿದರೆ ಐಸಿನದೇ ಸಿಗುವುದು. ಅವತ್ತು ಅದೇ ಹಣದಲ್ಲಿ ಪೇಟೆಯ ಒಳಗೆ ಗಂಜಿ, ಎಟ್ಟಿ (ಸಿಗಡಿ) ಚಟ್ನಿ, ಸುಟ್ಟ ಒಣಮೀನು ತಿನ್ನಿಸಿದ್ದರೆ ಆ ಮಗು ತಟ್ಟೆ ನೆಕ್ಕುತ್ತಿತ್ತು. ಮಳೆಗಾಲಕ್ಕೆ ಅಂತಲೇ ನಮ್ಮ ಹಿರಿಯರು ಮೇ ತಿಂಗಳ ಬಿಸಿಲಲ್ಲಿ ಮೀನು ಒಣಗಿಸಿ ಇಟ್ಟದ್ದು. ಆ ರುಚಿಯನ್ನು ಹೊರಗಿನವರಿಗೆ ತೋರಿಸಲು ನಾವೇ ನಾಚುತ್ತೇವೆ. ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ.

ಹಾಗಾದರೆ ಎಲ್ಲಿ ತಿನ್ನಬೇಕು? ಹೋಟೆಲಿನ ಹೆಸರು ಕೇಳುತ್ತೀರಿ, ನಾನು ಊರಿನ ಹೆಸರು ಹೇಳುತ್ತೇನೆ. ಇಂಥ ಹೋಟೆಲುಗಳಲ್ಲಿ ಅಡುಗೆಯ ಕೈ ಬದಲಾದರೆ ರುಚಿಯೂ ಬದಲಾಗುತ್ತದೆ. ಊರು ಹಾಗಲ್ಲ.

ಸಾಧ್ಯ ಆದರೆ ಕಾರು ಬಿಡಿ, ಮಂಗಳೂರಿನಿಂದ ಬೆಳಗ್ಗಿನ ಪ್ಯಾಸೆಂಜರ್ ರೈಲು ಹತ್ತಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು. ಹಳಿ ಕಡಲಿನ ಪಕ್ಕದಲ್ಲೇ ಹೋಗುತ್ತದೆ. ತೆಂಗಿನ ತೋಟದ ನಡುವೆ ಒಮ್ಮೊಮ್ಮೆ ನೀಲಿ ಕಾಣುತ್ತದೆ, ಹೊಳೆ ದಾಟುವಾಗ ದೋಣಿ ಕಾಣುತ್ತದೆ. ಹೆದ್ದಾರಿಯಲ್ಲಿ ಈಗ ಇದು ಯಾವುದೂ ಕಾಣುವುದಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗಿದೆ. ಕಾಸರಗೋಡು ಪೇಟೆಯ ಮೇಲೆ ಕಂಬದ ಮೇಲಿನ ರಸ್ತೆ ಬಂದಿದೆ. ರಸ್ತೆ ಬೇಡ ಅಂತ ನಾನು ಹೇಳುವುದಿಲ್ಲ. ಹಳೆ ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಅಗಲ ಮಾಡುವಾಗ ರಸ್ತೆ ಬದಿಯ ಹಂಚಿನ ಮಾಡಿನ ಊಟದ ಹೋಟೆಲುಗಳು ಒಂದೊಂದಾಗಿ ಹೋದವು. ಉಳಿದವು ಸರ್ವೀಸ್ ರಸ್ತೆಯ ಪಕ್ಕ, ಗೋಡೆಯ ಮರೆಯಲ್ಲಿವೆ. ಮೇಲೆ ನೂರರ ವೇಗದಲ್ಲಿ ಹೋಗುವವರಿಗೆ ಕೆಳಗೆ ಬಂಗುಡೆ ಹುರಿಯುತ್ತಿರುವುದು ಹೇಗೆ ಗೊತ್ತಾಗಬೇಕು?

ಕಾರಲ್ಲೇ ಬರುವುದಾದರೆ ಸರ್ವೀಸ್ ರಸ್ತೆಗೆ ಇಳಿಯಿರಿ. ಪೇಟೆಯ ಒಳಗೆ ಹೋಗಿ. ಹತ್ತಿರದಲ್ಲಿ ಮೀನು ಮಾರ್ಕೆಟ್ ಇದೆಯಾ ನೋಡಿ. ಆಟೋ ಸ್ಟ್ಯಾಂಡಿನವರು ಎಲ್ಲಿ ಉಣ್ಣುತ್ತಾರೆ ಅಂತ ಕೇಳಿ. ಹಲಗೆಯ ಮೇಲೆ ಮೀನಿನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದು, ಮುಗಿದದ್ದನ್ನು ಒರೆಸಿದ್ದರೆ ಧೈರ್ಯವಾಗಿ ಒಳಗೆ ಹೋಗಿ. ಎಲ್ಲ ಮೀನೂ ಎಲ್ಲ ದಿನವೂ ಇದೆ ಅನ್ನುವ ದಪ್ಪ ಮೆನು ಕೊಟ್ಟರೆ ನೀರು ಕುಡಿದು ಎದ್ದು ಬನ್ನಿ.

ಕನ್ನಡದಲ್ಲೇ ಕೇಳಿ. ಇದು ನನ್ನ ಬೇಡಿಕೆ ಕೂಡ. ನಮ್ಮದು ಸಪ್ತಭಾಷೆಯ ಊರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೂ ಮಂಜೇಶ್ವರ, ಕುಂಬಳೆಯ ಹೋಟೆಲುಗಳಲ್ಲಿ ಕನ್ನಡ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಬೋರ್ಡುಗಳಲ್ಲಿ ಕನ್ನಡ ಕಡಿಮೆ ಆಗುತ್ತಾ ಬಂದಿದೆ, ಬಾಯಲ್ಲಿ ಇನ್ನೂ ಇದೆ. ಹೊರಗಿನಿಂದ ಬಂದವರು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಹುಡುಗರೂ ಇಂಗ್ಲಿಷಿಗೇ ಹೊರಳುತ್ತಾರೆ. ನಾನು ಹೋಗುವ ಕುಂಬಳೆಯ ಒಂದು ಚಿಕ್ಕ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತ ಇಚ್ಚ (ಅಂದರೆ ಅಣ್ಣ) ಒಂದೇ ಮೀನನ್ನು ಒಬ್ಬರಿಗೆ ಬೂತಾಯಿ ಅನ್ನುತ್ತಾರೆ, ಮುಂದಿನವರಿಗೆ ಮತ್ತಿ ಅನ್ನುತ್ತಾರೆ. ಬಂಗುಡೆ ಅಯಿಲ ಆಗುತ್ತದೆ. ಅಂಜಲ್ ಅಯಕೂರ, ಮಾಂಜಿ ಆವೋಲಿ, ಎಟ್ಟಿ ಚೆಮ್ಮೀನ್. ಗಿರಾಕಿಯ ಮುಖ ನೋಡಿಯೇ ಅವರಿಗೆ ಭಾಷೆ ಗೊತ್ತಾಗುತ್ತದೆ. ಒಳಗೆ ಮೀನು ಕಾಯಿಸುವ ಅಕ್ಕನಿಗೆ "ಇನಿ ದಾದ ಮೀನ್ ಉಂಡು ಅಕ್ಕ?" (ಇವತ್ತು ಯಾವ ಮೀನಿದೆ ಅಕ್ಕ?) ಅಂತ ತುಳುವಿನಲ್ಲಿ ಕೇಳಿದರೆ ಒಂದು ಸೌಟು ಸಾರು ಜಾಸ್ತಿ.

ಈಗ ಸಾರಿನ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಈ ಕರಾವಳಿಯ ಇಡೀ ಕಥೆ ಸಾರಿನಲ್ಲಿದೆ, ಫ್ರೈಯಲ್ಲಿ ಅಲ್ಲ. ಮಂಜೇಶ್ವರ, ಉಪ್ಪಳದ ಕಡೆ ಒಣಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ ಹುರಿದು, ಕಾಯಿತುರಿ, ಹುಣಸೆಹುಳಿ ಹಾಕಿ ನುಣ್ಣಗೆ ಅರೆಯುತ್ತಾರೆ. ಸಾರು ಕೆಂಪು, ದಪ್ಪ. ಕೊಂಕಣಿ ಮನೆಗಳಲ್ಲಿ ಅದಕ್ಕೆ ತೆಪ್ಪಳ ಅನ್ನುವ ಘಮದ ಕಾಯಿ ಜಜ್ಜಿ ಹಾಕುತ್ತಾರೆ. ಬಂಗುಡೆಗೆ ಅದು ಬಿದ್ದರೆ ಬೇರೆಯೇ ಘಮ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದ ಹಾಗೆ ಹುರಿಯುವುದು ಕಡಿಮೆ ಆಗುತ್ತದೆ. ಹಸಿ ಕಾಯಿ, ಅರಿಶಿನ, ಮೆಣಸಿನ ಪುಡಿ, ಹುಳಿಗೆ ಮಾವಿನಕಾಯಿ. ಕೊನೆಗೆ ತೆಂಗಿನೆಣ್ಣೆಯಲ್ಲಿ ಸಣ್ಣ ಈರುಳ್ಳಿ, ಕರಿಬೇವಿನ ಸೊಪ್ಪಿನ ಒಗ್ಗರಣೆ. ಸಾರು ಹಳದಿ, ತೆಳು. ಕೊಡಗಿನ ಬೆಟ್ಟದಿಂದ ಪಯಸ್ವಿನಿ ಅಂತ ಇಳಿದು ಬರುವ ಈ ಹೊಳೆಯನ್ನು ತುಳುನಾಡಿನ ಗಡಿ ಅಂತ ಹಿಂದಿನಿಂದಲೂ ಹೇಳುತ್ತಾರೆ. ನನಗೆ ಆ ಗಡಿ ತಟ್ಟೆಯಲ್ಲಿ ಕಾಣುತ್ತದೆ.

ನಡುವಿನ ಕುಂಬಳೆ, ಮೊಗ್ರಾಲ್, ಕಾಸರಗೋಡು ಪೇಟೆಯಲ್ಲಿ ಎರಡೂ ಸೇರಿಕೊಂಡಿವೆ. ಹುರಿದ ಮಸಾಲೆಗೆ ಮಾವಿನಕಾಯಿ ಹಾಕುವವರು ಇಲ್ಲಿದ್ದಾರೆ. ಕುಚ್ಚಲಕ್ಕಿ ಅನ್ನದ ಮೇಲೆ ಆ ಸಾರು, ಪಕ್ಕದಲ್ಲಿ ತೆಂಗಿನೆಣ್ಣೆಯಲ್ಲಿ ಕಾಯಿಸಿದ ಎರಡು ಬೂತಾಯಿ. ಇದಕ್ಕಾಗಿ ನಾನು ನಿಮ್ಮನ್ನು ಕುಂಬಳೆಯಲ್ಲಿ ಇಳಿಯಿರಿ ಅಂತ ಪೀಡಿಸುವುದು. ಬೆಳಗ್ಗೆ ಬೇಗ ಬಂದರೆ ಇನ್ನೂ ಒಳ್ಳೆಯದು. ನಿನ್ನೆಯ ಮೀನುಸಾರು, ಮಣ್ಣಿನ ಚಟ್ಟಿಯಲ್ಲಿ ರಾತ್ರಿ ಕೂತು ಹುಳಿ ಹಿಡಿದದ್ದು, ಅದಕ್ಕೆ ಓಡುದೋಸೆ ಅಥವಾ ಪುಂಡಿ (ಅಕ್ಕಿಯ ಉಂಡೆ). ಎಲ್ಲ ಕಡೆ ಸಿಗುವುದಿಲ್ಲ, ಕೇಳಬೇಕು. ಕೇಳಿದರೆ ಕೆಲವು ಕಡೆ ಮನೆಯವರಿಗೆ ಅಂತ ಇಟ್ಟದ್ದನ್ನೇ ತಂದು ಬಡಿಸುತ್ತಾರೆ.

ಮರುವಾಯಿ ಬಿಟ್ಟು ಹೋಗಬೇಡಿ. ಹೊಳೆ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಕೈಯಿಂದ ಹೆಕ್ಕುವ ಚಿಪ್ಪು ಅದು. ಕಾಯಿತುರಿ ಹಾಕಿ ಸುಕ್ಕ ಮಾಡುತ್ತಾರೆ. ಚಿಕ್ಕ ಚಿಕ್ಕ ಅಕ್ಕಿ ಉಂಡೆ ಹಾಕಿ ಮರುವಾಯಿ ಪುಂಡಿ ಮಾಡುತ್ತಾರೆ. ದೊಡ್ಡ ಹೋಟೆಲುಗಳು ಇದನ್ನು ಇಡುವುದು ಕಡಿಮೆ. ತೊಳೆಯುವುದು, ಬಿಡಿಸುವುದು ಬಹಳ ಕೆಲಸ. ಸಿಕ್ಕಿದ ದಿನ ಬೇರೆ ಏನೂ ಹೇಳಬೇಡಿ, ಇದನ್ನೇ ಎರಡು ಪ್ಲೇಟ್ ಹೇಳಿ.

ಹಣ ಕಡಿಮೆ ಇರುವವರಿಗೆ, ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಕೇರಳದ ಹೆಂಗಸರ ಸ್ವಸಹಾಯ ಸಂಘಟನೆ ಕುಟುಂಬಶ್ರೀಯ ಅಕ್ಕಂದಿರ ಹೋಟೆಲುಗಳು ಒಳ್ಳೆಯವು. 2020ರಲ್ಲಿ 20 ರೂಪಾಯಿ ಊಟದೊಂದಿಗೆ ಜನಕೀಯ ಹೋಟೆಲು ಶುರುವಾದಾಗ ನಾನು ಕೆಲಸದ ಮಧ್ಯೆ ಎಷ್ಟೋ ದಿನ ಅಲ್ಲೇ ಉಂಡಿದ್ದೇನೆ. ಈಗ ಬೆಲೆ ಏರಿದೆ, ಆದರೂ ಕಡಿಮೆಯೇ. ಮೀನು ಕಾಯಿಸಿದ್ದಕ್ಕೆ ಬೇರೆ ದುಡ್ಡು. ಮನೆಯ ರುಚಿ.

ಇನ್ನೊಂದು ವಿಷಯ, ಸ್ವಲ್ಪ ಗಂಭೀರವಾದದ್ದು. ಬರುವವರೆಲ್ಲ ಅಂಜಲ್, ಮಾಂಜಿ, ಸಿಗಡಿ ಅಂತಲೇ ಕೇಳುತ್ತಾರೆ. ನಾವು ಬೂತಾಯಿ ತಿಂದು ಬೆಳೆದವರು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ಆ ವರ್ಷ ಬೂತಾಯಿ ಮಾರುವ ಸ್ಕೂಟರಿನ ಹಾರ್ನ್ ಕೇಳಿ ಅಮ್ಮ ಓಡಿಹೋಗಿ, ಬೆಲೆ ಕೇಳಿ ಬರಿಗೈಯಲ್ಲಿ ವಾಪಸ್ ಬಂದದ್ದು ನೆನಪಿದೆ. ಮೀನು ತಿರುಗಿ ಬರುತ್ತದೆ, ಹೋಗುತ್ತದೆ, ಅದು ಕಡಲಿನ ಲೆಕ್ಕ. ನಮ್ಮ ಕೈಯಲ್ಲಿರುವುದು ಮರಿಗಳನ್ನು ಬಿಡುವುದು. ಕೇರಳದ ನಿಯಮದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯುವ ಹಾಗಿಲ್ಲ. ತಟ್ಟೆಗೆ ಬೆರಳುದ್ದದ ಬಂಗುಡೆ ಬಂದರೆ "ಇದು ಮರಿ ಅಲ್ವಾ ಇಚ್ಚ, ಬೇಡ" ಅನ್ನಿ. ನಾನು ಅನ್ನುತ್ತೇನೆ. ಯಾರೂ ಸಿಟ್ಟು ಮಾಡಿಕೊಂಡಿಲ್ಲ.

ಊಟ ಆದ ಮೇಲೆ ಬೇಕಲಕ್ಕೆ ಹೋಗಿ, ಖಂಡಿತ ಹೋಗಿ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಕನ್ನಡಿಗರು ನೋಡಲೇಬೇಕು. ದಾರಿಯಲ್ಲಿ ಚಂದ್ರಗಿರಿ ಕೋಟೆಗೂ ಹತ್ತಿ. ಜನ ಕಡಿಮೆ, ಹೊಳೆ ಕಡಲಿಗೆ ಸೇರುವುದು ಪೂರ್ತಿ ಕಾಣುತ್ತದೆ. ಸಂಜೆಗೆ ಪಳ್ಳಿಕೆರೆ ಕಡಲ ತೀರದಲ್ಲಿ ಚಹಾ ಕುಡಿಯಿರಿ, ಸಾಕು.

ಒಂದು ರಾತ್ರಿ ಉಳಿಯುವ ಹಾಗಿದ್ದರೆ ಮರುದಿನ ಇನ್ನೂ ತೆಂಕಕ್ಕೆ, ಚೆರುವತ್ತೂರಿನಲ್ಲಿ ಇಳಿದು ಪಡನ್ನ, ವಲಿಯಪರಂಬದ ಕಡೆ ಹೋಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಮರಳಿನ ಪಟ್ಟಿ. ಆ ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟಿ ಪಚ್ಚಿಲೆ ಅನ್ನುವ ಚಿಪ್ಪು ಬೆಳೆಸುತ್ತಾರೆ. ಅಲ್ಲಿಯವರು ಅದಕ್ಕೆ ಕಲ್ಲುಮ್ಮಕ್ಕಾಯಿ, ಕಡ್ಕ ಅನ್ನುತ್ತಾರೆ. ಕಡಲ ಬಂಡೆಯಿಂದ ಮರಿ ಚಿಪ್ಪುಗಳನ್ನು ಕಿತ್ತು ತಂದು, ಹಗ್ಗದ ಸುತ್ತ ಇಟ್ಟು, ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕರಗುತ್ತದೆ. ಅಷ್ಟರಲ್ಲಿ ಚಿಪ್ಪು ತನ್ನದೇ ನೂಲು ಬಿಟ್ಟು ಹಗ್ಗಕ್ಕೆ ಅಂಟಿಕೊಂಡಿರುತ್ತದೆ. ಈ ಕೆಲಸದಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳು ಬಹಳ. ಐದಾರು ತಿಂಗಳಿಗೆ ಹಗ್ಗ ಎತ್ತಿದರೆ ದ್ರಾಕ್ಷಿ ಗೊಂಚಲಿನ ಹಾಗೆ ಚಿಪ್ಪು ತೂಗುತ್ತದೆ.

ಅದರಲ್ಲಿ ಅರಿಕಡ್ಕ ತಿನ್ನಬೇಕು. ಚಿಪ್ಪು ಬಿಡಿಸಿ, ಒಳಗೆ ಅಕ್ಕಿ, ಕಾಯಿ, ಸಣ್ಣ ಈರುಳ್ಳಿ, ಸೋಂಪು ಅರೆದ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಿಪ್ಪು ತೆಗೆದು ಮೆಣಸಿನ ಮಸಾಲೆ ಸವರಿ ಎಣ್ಣೆಯಲ್ಲಿ ಕಾಯಿಸುತ್ತಾರೆ. ಸಂಜೆ ನಾಲ್ಕಕ್ಕೆ ಚಹಾದ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಬಿಸಿ ಇರುತ್ತದೆ. ಮೊದಲ ಸಲ ತಿಂದಾಗ ನಾನು ಆರು ತಿಂದು, ಮನೆಗೆ ಅಂತ ಕಟ್ಟಿಸಿಕೊಂಡ ಪೊಟ್ಟಣವನ್ನೂ ಕಾಞಂಗಾಡ್ ಬರುವಷ್ಟರಲ್ಲಿ ರೈಲಿನಲ್ಲೇ ಮುಗಿಸಿದ್ದೆ.

ಆದರೆ ಮೇ ಮುಗಿಯುವ ಮುಂಚೆ ಬನ್ನಿ. ಮಳೆ ಶುರುವಾದರೆ ಹಿನ್ನೀರಿಗೆ ಸಿಹಿನೀರು ನುಗ್ಗಿ ಉಪ್ಪು ಇಳಿಯುತ್ತದೆ, ಪಚ್ಚಿಲೆ ಬದುಕುವುದಿಲ್ಲ. ಅಷ್ಟರಲ್ಲಿ ಅವರು ಹಗ್ಗವನ್ನೆಲ್ಲ ಮೇಲೆತ್ತಿ ಬಿಡುತ್ತಾರೆ. ಹೊರಡುವ ದಿನ ಒಂದು ಫೋನ್ ಮಾಡಿ. ರಜೆ ಇದ್ದರೆ ಕುಂಬಳೆ ಸ್ಟೇಷನ್ನಿಗೆ ನಾನೇ ಬರುತ್ತೇನೆ.