ನನ್ನದೂ ಒಂದು ಬಿ ಎಸ್ ಎ ಇತ್ತು

ಬಾಯಿ ತಪ್ಪಿ ಆಡಿದ ಒಂದೇ ಒಂದು ಮಾತಿನಿಂದ ನಾನು ಬರ್ಮಿಂಗ್‌ಹ್ಯಾಮ್‌ನ ಐದಾರು ಮುದುಕರ ಪಾಲಿಗೆ ಮೋಟಾರ್‌ಸೈಕಲ್ ಪಂಡಿತನಾಗಿಬಿಟ್ಟೆ. ನನಗೆ ಬೈಕ್ ಓಡಿಸಲು ಬರುವುದಿಲ್ಲ.

ನಮ್ಮ ಪಕ್ಕದ ಮನೆಯ ತಾತನಿಗೆ ಎಂಬತ್ತರ ಹತ್ತಿರ. ಅವರ ಗ್ಯಾರೇಜಿನಲ್ಲಿ 1956ರ ಬಿ ಎಸ್ ಎ ಗೋಲ್ಡ್ ಸ್ಟಾರ್ ಬೈಕ್ ಇದೆ. 500 ಸಿಸಿ, ಒಂದೇ ಸಿಲಿಂಡರ್. ಅದರ ಹೊಟ್ಟೆಯ ಕೆಳಗೆ ಕೇಕ್ ಬೇಯಿಸುವ ಒಂದು ತಟ್ಟೆ. ನಾವು ಆ ಮನೆಗೆ ಹೊಸದಾಗಿ ಬಂದಾಗ ನಾನು ಒಳ್ಳೇ ಮನಸ್ಸಿನಿಂದಲೇ, 'ಸಾರ್, ನಿಮ್ಮ ಗಾಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆ' ಎಂದೆ. ಮೊಮ್ಮಗುವಿಗೆ ಹಲ್ಲು ಬಂತು ಅಂತ ಹೇಳಿದಷ್ಟು ಖುಷಿಯಾಯಿತು ಅವರಿಗೆ. 'ಕೆಳಗೆ ಎಣ್ಣೆ ಇಲ್ಲ ಅಂದ್ರೆ ಒಳಗೂ ಇಲ್ಲ ಅಂತ' ಎಂದರು. ಹಳೇ ಬ್ರಿಟಿಷ್ ಬೈಕ್ ಇಟ್ಟವರೆಲ್ಲ ಹೇಳುವ ಮಾತಂತೆ ಇದು. ಆ ಕಾಲದ ಎಂಜಿನ್‌ಗಳ ಹೊಟ್ಟೆಯನ್ನು ತೆಂಗಿನಕಾಯಿ ಹೋಳಿನ ಹಾಗೆ ಎಡಕ್ಕೊಂದು ಬಲಕ್ಕೊಂದು ಮಾಡಿ ಜೋಡಿಸುತ್ತಿದ್ದರು. ಜೋಡಣೆಯ ಗೆರೆ ತಳದಲ್ಲೇ ಹಾದುಹೋಗುತ್ತಿತ್ತು. ಎಣ್ಣೆ ಇಳಿಯುವುದೂ ಅಲ್ಲಿಗೇ. ಜಪಾನಿನವರು ಬಂದು, ಡಬ್ಬ ಮತ್ತು ಮುಚ್ಚಳದ ಹಾಗೆ ಮೇಲೊಂದು ಕೆಳಗೊಂದು ಮಾಡಿದರು. ಸೋರುವುದು ನಿಂತಿತು. ತಾತನ ಪ್ರಕಾರ ರುಚಿಯೂ ಅಲ್ಲಿಗೆ ಮುಗಿಯಿತು.

ಶನಿವಾರ ಸಂಜೆ ಆ ಗ್ಯಾರೇಜಿನಲ್ಲಿ ಅವರ ಗೆಳೆಯರು ಸೇರುತ್ತಾರೆ. ಟೀ, ಬಿಸ್ಕತ್ತು, ಮಂಡಿನೋವು, ಬಿ ಎಸ್ ಎ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬಿ ಎಸ್ ಎ, 1861ರಲ್ಲಿ ಬಂದೂಕು ಮಾಡಲು ಹುಟ್ಟಿದ ಕಂಪನಿ. ಆಮೇಲೆ ಸೈಕಲ್, 1910ರಿಂದ ಮೋಟಾರ್‌ಸೈಕಲ್. ಈಗಲೂ ಲಾಂಛನದಲ್ಲಿ ಮೂರು ಬಂದೂಕುಗಳು ಒಂದಕ್ಕೊಂದು ಒರಗಿ ನಿಂತಿವೆ. 1937ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ವಾಲ್ ಹ್ಯಾಂಡ್ಲಿ ಎಂಬ ಸವಾರ ಬಿ ಎಸ್ ಎ ಮೇಲೆ ಗಂಟೆಗೆ 100 ಮೈಲಿಗಿಂತ ಜಾಸ್ತಿ ವೇಗದಲ್ಲಿ ಸುತ್ತು ಹೊಡೆದು, ಚಿನ್ನದ ನಕ್ಷತ್ರದ ಬಿಲ್ಲೆ ಗೆದ್ದ. ಮರುವರ್ಷ ಬಂದ ಬೈಕಿಗೆ ಆ ಬಿಲ್ಲೆಯ ಹೆಸರೇ ಇಟ್ಟರು. ಇದನ್ನು ಈ ಮುದುಕರು ನಮ್ಮ ಹರಿಕಥೆ ದಾಸರ ಹಾಗೆ ಪ್ರತಿ ವಾರ ಹೇಳುತ್ತಾರೆ. ಕೊನೆಯಲ್ಲಿ ಕಂಪನಿ 1970ರ ದಶಕದ ಶುರುವಿನಲ್ಲಿ ಮುಳುಗುವ ಪ್ರಸಂಗ ಬರುತ್ತದೆ. ಆಗ ಯಾರೂ ಬಿಸ್ಕತ್ತು ಮುಟ್ಟುವುದಿಲ್ಲ.

ಅಂಥದ್ದೇ ಒಂದು ಮೌನದಲ್ಲಿ, ಸುಮ್ನೆ ಸಮಾಧಾನಕ್ಕೆಂದು ನಾನು, 'ನನ್ನದೂ ಒಂದು ಬಿ ಎಸ್ ಎ ಇತ್ತು' ಎಂದುಬಿಟ್ಟೆ.

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಯಾವ ಮಾಡೆಲ್?

'ಎಸ್ ಎಲ್ ಆರ್.'

ತಿಪಟೂರಿನಲ್ಲಿ ಹೈಸ್ಕೂಲಿಗೆ ಹೋಗುವಾಗ ಅಪ್ಪ ಕೊಡಿಸಿದ ಸೈಕಲ್ ಅದು. ಹೆಸರು ಇವರದೇ, ತಯಾರಾಗುತ್ತಿದ್ದದ್ದು ಮದ್ರಾಸಿನ ಕಡೆ. ಅದನ್ನು ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬರು, 'ರಫ್ತಿಗೆ ಮಾತ್ರ ಮಾಡಿದ ಮಾಡೆಲ್ ಇರಬೇಕು' ಎಂದರು. ಇನ್ನೊಬ್ಬರು ಕನ್ನಡಕ ಒರೆಸಿಕೊಂಡರು. ಎಷ್ಟು ಗೇರ್? ಒಂದೇ. ಎಲೆಕ್ಟ್ರಿಕ್ ಸ್ಟಾರ್ಟಾ? ಇಲ್ಲ, ತಳ್ಳಿಕೊಂಡು ನಾಲ್ಕು ಹೆಜ್ಜೆ ಓಡಿ ಹಾರಿ ಕೂರುತ್ತಿದ್ದೆ. ಹಳೇ ಕಾಲದ ರೇಸುಗಳಲ್ಲಿ ಹಾಗೇ ಸ್ಟಾರ್ಟ್ ಮಾಡುತ್ತಿದ್ದರಂತೆ. ಅವರ ಕಣ್ಣಲ್ಲಿ ನನ್ನ ಬೆಲೆ ಏರಿತು. ಎಣ್ಣೆ? 'ಪ್ಯಾಂಟಿನ ಬಲಗಾಲೆಲ್ಲ ಎಣ್ಣೆ' ಎಂದೆ. ಇದು ಅಪ್ಪಟ ನಿಜ. ಚೈನ್ ಕವರ್ ಮುರಿದಿತ್ತು. ಆಮೇಲೆ ಬಾಯಿ ಮುಚ್ಚಿಕೊಂಡೆ. ಅಷ್ಟು ಸಂತೋಷವನ್ನು ಯಾಕೆ ಕೆಡಿಸಬೇಕು?

ತಪ್ಪು ಮಾಡಿದೆ. ಪಂಡಿತನಾದ ಮೇಲೆ ಪರೀಕ್ಷೆ ಇರುತ್ತದಲ್ಲ? ಒಂದು ಶನಿವಾರ ಗೋಲ್ಡ್ ಸ್ಟಾರ್ ಅನ್ನು ಸ್ಟಾರ್ಟ್ ಮಾಡುವ ಗೌರವ ನನಗೆ ಬಂತು. ಅದೊಂದು ವ್ರತ. ಮೊದಲು ಕಾರ್ಬುರೇಟರ್‌ನ ಗುಬುಟು ಒತ್ತಿ ಬೆರಳಿಗೆ ಪೆಟ್ರೋಲ್ ಅಂಟಿಸಿಕೊಳ್ಳಬೇಕು. ಹ್ಯಾಂಡಲ್ ಮೇಲಿನ ಸಣ್ಣ ಲಿವರ್ ಎಳೆದು ಕಿಡಿ ತಡವಾಗಿ ಹಾರುವಂತೆ ಮಾಡಬೇಕು. ಕಿಕ್ಕರ್ ಅನ್ನು ಮೆಲ್ಲಗೆ ಒತ್ತಿ ಪಿಸ್ಟನ್ ಎಲ್ಲಿದೆ ಎಂದು ಕಾಲಲ್ಲೇ ಹುಡುಕಬೇಕು. ವಾಲ್ವ್ ಎತ್ತುವ ಇನ್ನೊಂದು ಲಿವರ್ ಹಿಡಿದು ಪಿಸ್ಟನ್‌ಅನ್ನು ಕೂದಲೆಳೆಯಷ್ಟು ಮುಂದೆ ದಾಟಿಸಬೇಕು. ಆಮೇಲೆ ದೇವರ ಹೆಸರು ಹೇಳಿ ಒದೆಯಬೇಕು. ನಾನು ಕೊನೆಯದನ್ನು ಮಾತ್ರ ಸರಿಯಾಗಿ ಮಾಡಿದೆ. ಕಿಡಿಯ ಲಿವರ್ ಮರೆತೇ ಹೋಗಿತ್ತು.

ನಾನು ಬೈಕನ್ನು ಒದೆಯಲಿಲ್ಲ, ಅದು ನನ್ನನ್ನು ಒದೆಯಿತು. ಮಂಡಿ ಎದೆಗೆ ಬಂತು. ಕಾಲಲ್ಲಿದ್ದ ಹವಾಯಿ ಚಪ್ಪಲಿ ಮೇಲಕ್ಕೆ ಹಾರಿ, ಸೂರು ಮುಟ್ಟಿ, ಕೇಕ್ ತಟ್ಟೆಯ ಎಣ್ಣೆಗೆ ಬಿತ್ತು. ಅಲ್ಲಿಂದ ಎಣ್ಣೆ ಬಿಸ್ಕತ್ತಿಗೆ. ನೆಲದ ಮೇಲೆ ಕೂತಲ್ಲೇ ಬಿ ಎಸ್ ಎ ಅನ್ನುವುದರ ನಿಜವಾದ ಅರ್ಥ ಹೊಳೆಯಿತು: ಬೇಗ ಸ್ಟಾರ್ಟ್ ಆಗಲ್ಲ. ಅಷ್ಟರಲ್ಲಿ ಕೃತಕ ಮಂಡಿ ಹಾಕಿಸಿಕೊಂಡ ತಾತ ಎದ್ದು ಬಂದು ಒಂದೇ ಒದೆತಕ್ಕೆ ಗುಡುಗಿಸಿದರು. ಅರ್ಥವನ್ನು ವಾಪಸ್ ತೆಗೆದುಕೊಂಡೆ.

ಇದೆಲ್ಲದಕ್ಕಿಂತ ದೊಡ್ಡ ಕಷ್ಟ ಬೇರೆಯದೇ. 2016ರಲ್ಲಿ ಬಿ ಎಸ್ ಎ ಹೆಸರನ್ನು ಮಹೀಂದ್ರಾದ ಕ್ಲಾಸಿಕ್ ಲೆಜೆಂಡ್ಸ್ ಕೊಂಡುಕೊಂಡಿತು. ನಮ್ಮ ಮೈಸೂರಿನಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಹೆಸರುಗಳನ್ನು ಮತ್ತೆ ರಸ್ತೆಗೆ ತಂದವರೂ ಅವರೇ. 2021ರ ಡಿಸೆಂಬರ್‌ನಲ್ಲಿ ಹೊಸ ಗೋಲ್ಡ್ ಸ್ಟಾರ್ ಬರ್ಮಿಂಗ್‌ಹ್ಯಾಮ್‌ನಲ್ಲೇ ಕಾಣಿಸಿಕೊಂಡಿತು. ಅವತ್ತಿನಿಂದ ನಾನು ಆರೋಪಿ. 'ನಿಮ್ಮವರು ರೇಡಿಯೇಟರ್ ಯಾಕೆ ಇಟ್ಟರು?' 'ನಿಮ್ಮವರು ಕಿಕ್ಕರ್ ಯಾಕೆ ತೆಗೆದರು?' '652 ಸಿಸಿ ಏನು ಲೆಕ್ಕ?' ನಾನು ಇನ್ಶೂರೆನ್ಸ್ ಆಫೀಸಿನ ಗುಮಾಸ್ತ ಎಂದರೆ ಯಾರೂ ಕೇಳುವುದಿಲ್ಲ. ಮನೆಮಗಳನ್ನು ದೂರದೂರಿಗೆ ಕೊಟ್ಟವರು ಅಳಿಯನ ಕಡೆಯವರು ಯಾರು ಸಿಕ್ಕರೂ ವಿಚಾರಿಸುತ್ತಾರಲ್ಲ, ಹಾಗೆ. ಆ ಗುಂಪಿನಲ್ಲಿ ಒಬ್ಬರು ನಾರ್ಟನ್ ಎಂಬ ಇನ್ನೊಂದು ಬ್ರಿಟಿಷ್ ಬೈಕಿನ ಭಕ್ತರು. 2020ರಲ್ಲಿ ನಾರ್ಟನ್‌ಅನ್ನೂ ಟಿವಿಎಸ್ 1.6 ಕೋಟಿ ಪೌಂಡಿಗೆ ಕೊಂಡಿತು. 'ಆ ಕಂಪನಿ ಗೊತ್ತಾ ನಿಮಗೆ?' ಎಂದರು. ಗೊತ್ತಿಲ್ಲದೆ ಏನು, ನಮ್ಮ ಸೋದರಮಾವ ಕಾಯಿ ಮೂಟೆ ಹೇರಿಕೊಂಡು ಸಂತೆಗೆ ಹೋಗುವುದೇ ಅವರ ಮೊಪೆಡ್‌ನಲ್ಲಿ. ಹೇಳಲಿಲ್ಲ. ಅವರಿಗೆ ಬಿಪಿ ಇದೆ.

ಎಲ್ಲರ ದೂರುಗಳನ್ನು ಹಿಂಡಿದರೆ ಉಳಿಯುತ್ತಿದ್ದದ್ದು ಒಂದೇ: ಹೊಸದು ಎಣ್ಣೆ ತೊಟ್ಟಿಕ್ಕುವುದಿಲ್ಲ. ಹಾಗಾದರೆ ಅದು ಬಿ ಎಸ್ ಎ ಹೇಗಾಯಿತು?

2024ರ ಆಗಸ್ಟ್ 15ಕ್ಕೆ ಅದು ಭಾರತದಲ್ಲೂ ಬಿಡುಗಡೆಯಾಯಿತು. ಬ್ರಿಟಿಷ್ ಹೆಸರನ್ನು ತರಲು ಅವರಿಗೆ ಸಿಕ್ಕ ದಿನ ನೋಡಿ. ಫೋನಿನಲ್ಲಿ ಅಪ್ಪನಿಗೆ, 'ಬಿ ಎಸ್ ಎ ಮತ್ತೆ ಬಂತಂತೆ, ಮೂರು ಲಕ್ಷ' ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಡೈನಮೋ ಸೇರಿಸಿನಾ?' ಎಂದರು.

ಆ ವರ್ಷ ದಸರಾ ಹೊತ್ತಿಗೆ ತಾತ ಯಾರಿಗೂ ಹೇಳದೆ ಹೊಸ ಗೋಲ್ಡ್ ಸ್ಟಾರ್ ತಂದುಬಿಟ್ಟರು. ಮಂಡಿ ಕೈಕೊಟ್ಟಿದೆ, ಬಟನ್ ಇದ್ದರೆ ವಾಸಿ ಎಂದು ತಲೆ ತಗ್ಗಿಸಿ ಹೇಳಿದರು. ನಾನು ಆಯುಧ ಪೂಜೆಗೆ ನಮ್ಮ ಕಾರು ತೊಳೆಯುತ್ತಿದ್ದೆ. ನೋಡಿ, 'ನನ್ನದಕ್ಕೂ ಮಾಡ್ತೀಯಾ?' ಎಂದರು. ಅರಿಶಿನ, ಕುಂಕುಮ, ಟ್ಯಾಂಕಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಅಮ್ಮ ಸೂಟ್‌ಕೇಸಿನಲ್ಲಿ ತುರುಕಿ ಕಳಿಸಿದ ಹರಳೆಣ್ಣೆ ಬಾಟಲಿ ತೆಗೆದು ದೀಪ ಹಚ್ಚಿದೆ. ಆರತಿ ಎತ್ತುವಾಗ ಮೊಣಕೈ ಹ್ಯಾಂಡಲ್‌ಗೆ ತಗುಲಿತು. ದೀಪ ಎಂಜಿನ್ ಕೆಳಗೆ ಉರುಳಿತು. ತಾತ ನಿಂಬೆಹಣ್ಣು ನೋಡುತ್ತಿದ್ದರು. ಕತ್ತಲಲ್ಲಿ ಕೈಗೆ ಸಿಕ್ಕಷ್ಟು ಒರೆಸಿ ಮನೆಗೆ ಬಂದೆ.

ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದರು. ಮುಖ ಕೆಂಪಗೆ. 'ಬಾ, ಬೇಗ ಬಾ.' ಗ್ಯಾರೇಜಿನಲ್ಲಿ ಆಗಲೇ ಇಬ್ಬರು ಗೆಳೆಯರಿದ್ದರು. ಹೊಸ ಬೈಕಿನ ಎಂಜಿನ್ ಕೆಳಗೆ, ನೆಲದ ಮೇಲೆ, ಎರಡು ರೂಪಾಯಿ ನಾಣ್ಯದಷ್ಟು ಎಣ್ಣೆ. ನಾರ್ಟನ್ ಭಕ್ತರು ಮಂಡಿ ಊರಿ, ಬೆರಳಲ್ಲಿ ಅದ್ದಿ, ಮೂಸಿ, ಕಣ್ಣು ಮುಚ್ಚಿಕೊಂಡರು. ಹಳೇ ರೇಸ್ ಬೈಕುಗಳಿಗೆ ಹರಳೆಣ್ಣೆಯಿಂದ ಮಾಡಿದ ಎಣ್ಣೆಯನ್ನೇ ಹಾಕುತ್ತಿದ್ದರು, ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಅದರಿಂದ ಎಂದು ನನಗೆ ಆಗ ಗೊತ್ತಿರಲಿಲ್ಲ.

'ಐಲ್ ಆಫ್ ಮ್ಯಾನ್' ಎಂದರು ಅವರು, ಗದ್ಗದ ದನಿಯಲ್ಲಿ. 'ಅಪ್ಪನ ಜೊತೆ ರೇಸ್ ನೋಡಲು ಹೋಗಿದ್ದೆ. ಇದೇ ವಾಸನೆ.'

ತಾತ ಮೂಗು ಸೊರಗುಟ್ಟುತ್ತಾ ಒಳಗೆ ಹೋಗಿ ಹೊಸ ಕೇಕ್ ತಟ್ಟೆ ತಂದು ಬೈಕಿನ ಕೆಳಗೆ ಇಟ್ಟರು. 'ನಿಮ್ಮವರು ಕೊನೆಗೂ ಕಲಿತರು' ಎಂದು ನನ್ನ ಬೆನ್ನು ತಟ್ಟಿದರು.

ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.