ವರ್ಚುವಲ್ ಸೈಟಿನ ಲಾಭವನ್ನು ಟೋಕನ್‌ನಲ್ಲೇ ಎಣಿಸಬೇಕೆ?

ಪರ

ಡಿಸೆಂಟ್ರಾಲ್ಯಾಂಡ್ ಎಂಬ ಆನ್‌ಲೈನ್ ವರ್ಚುವಲ್ ಲೋಕದಲ್ಲಿ ಒಂದು ಸೈಟಿನ ಅಳತೆ 16 ಮೀಟರ್‌ಗೆ 16 ಮೀಟರ್. ರಸ್ತೆ, ಪ್ಲಾಜಾ (ಸಾರ್ವಜನಿಕ ಚೌಕ) ಎಲ್ಲ ಸೇರಿ ಇರುವುದು 90,601 ತುಂಡು. ಅಲ್ಲಿನ ಮಾರುಕಟ್ಟೆಯಲ್ಲಿ ಸೈಟಿಗೆ ಬೆಲೆ ಕಟ್ಟುವುದು ಮಾನಾ ಎಂಬ ಅಲ್ಲಿನ ಕ್ರಿಪ್ಟೋ ಟೋಕನ್‌ನಲ್ಲಿ. ಆದ್ದರಿಂದ ನೆಲಕ್ಕೆ ನಿಜವಾಗಿ ಬೇಡಿಕೆ ಬಂದಿದೆಯೇ ಎಂದು ತಿಳಿಯಲು ಮಾನಾ ಲೆಕ್ಕವೇ ಬೇಕು. ಪ್ಲಾಜಾ ಪಕ್ಕದ ಸೈಟು 5,000 ಮಾನಾದಿಂದ 7,000ಕ್ಕೆ ಹೋದರೆ ಅದು ಜಾಗದ ಗುಣ. ಮಾನಾ ಬೆಲೆ 5,000ದಲ್ಲೇ ನಿಂತು ರೂಪಾಯಿ ಬೆಲೆ ಮಾತ್ರ ಏರಿದ್ದರೆ ಅದು ಟೋಕನ್‌ನ ಗುಣ. ಅಂಥ ಏರಿಕೆಯಷ್ಟೇ ಸಾಕು ಎನ್ನುವವರು ಸೈಟನ್ನೇಕೆ ಕೊಳ್ಳಬೇಕು? ಟೋಕನ್ ನಿಮಿಷದಲ್ಲಿ ಮಾರಿಹೋಗುತ್ತದೆ, ಸೈಟು ಗಿರಾಕಿಗಾಗಿ ತಿಂಗಳುಗಟ್ಟಲೆ ಕಾಯಬೇಕು.

ವಿರೋಧ

ಅಕ್ಕಿ ಅಂಗಡಿಯಲ್ಲಿ ಮಾನಾ ನಡೆಯುವುದಿಲ್ಲ. 2021ರ ನವೆಂಬರ್‌ನಲ್ಲಿ ಡಿಸೆಂಟ್ರಾಲ್ಯಾಂಡ್‌ನ ಫ್ಯಾಷನ್ ವಲಯದ 116 ತುಂಡುಗಳು 6,18,000 ಮಾನಾಕ್ಕೆ ಮಾರಾಟವಾದವು, ಅಂದಿಗೆ ಸುಮಾರು 24 ಲಕ್ಷ ಡಾಲರ್. 2022ರ ಕೊನೆಗೆ ಮಾನಾ 30 ಸೆಂಟ್ ಆಸುಪಾಸಿಗೆ ಬಂತು. ಅಷ್ಟೇ ಮಾನಾಕ್ಕೆ ಮಾರಿದ್ದರೂ ಕೈಗೆ ಬರುತ್ತಿದ್ದದ್ದು 1.85 ಲಕ್ಷ ಡಾಲರ್. ಟೋಕನ್ ಲೆಕ್ಕದಲ್ಲಿ ಮಾತ್ರ ಒಂದು ಪೈಸೆ ನಷ್ಟವಿಲ್ಲ!

ಭಾರತದಲ್ಲಿದ್ದವರಿಗೆ ಇನ್ನೊಂದು ಪೆಟ್ಟಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಮಾನಾ ಕೊಟ್ಟು ಸೈಟು ಪಡೆದರೆ ಆದಾಯ ತೆರಿಗೆಯ ಕಣ್ಣಿಗೆ ಅದು ಮಾನಾ ಮಾರಾಟ. ₹40ರಂತೆ ಕೊಂಡಿಟ್ಟ 10,000 ಮಾನಾವನ್ನು, ಬೆಲೆ ₹100 ಆದ ದಿನ ಸೈಟಿಗೆ ಸುರಿದಿರಿ ಎನ್ನಿ. ₹6 ಲಕ್ಷ ಲಾಭವಾಯಿತು. 30% ತೆರಿಗೆ, ಅದರ ಮೇಲೆ 4% ಸೆಸ್ ಸೇರಿ ₹1,87,200 ಕಟ್ಟಬೇಕು. ಕೈಯಲ್ಲಿರುವುದು ಸೈಟು, ನಗದಲ್ಲ. ಆಮೇಲೆ ಸೈಟು ₹4 ಲಕ್ಷಕ್ಕೆ ಇಳಿದು ಮಾರಿದರೂ ಆ ₹6 ಲಕ್ಷ ನಷ್ಟವನ್ನು ಹಿಂದಿನ ಲಾಭಕ್ಕೆ ವಜಾ ಹಾಕುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. 1% ಟಿಡಿಎಸ್ ಬೇರೆ.

ಕೊಳ್ಳಲೇಬೇಕೆಂದಿದ್ದರೆ ಮಾನಾವನ್ನೂ ಸೈಟನ್ನೂ ಒಂದೇ ದಿನ ಕೊಳ್ಳಿ, ನಡುವೆ ಸಾಮಾನ್ಯವಾಗಿ ಹೆಚ್ಚು ಲಾಭ ಹುಟ್ಟುವುದಿಲ್ಲ. ಪ್ರತಿ ವಹಿವಾಟಿನ ದಿನದ ರೂಪಾಯಿ ದರ ಬರೆದಿಡಿ. ಮಾರಲು ಇಟ್ಟಾಗ ಅವಧಿಯನ್ನು ಒಂದು ವಾರಕ್ಕಿಂತ ಹೆಚ್ಚು ಕೊಡಬೇಡಿ: ಮಾನಾ ಕುಸಿದ ದಿನ ಹಳೆಯ ಬೆಲೆಪಟ್ಟಿ ಹಾಗೇ ಉಳಿದಿದ್ದರೆ, ನಿಮ್ಮ ಸೈಟು ನೀವು ಎಚ್ಚರಾಗುವಷ್ಟರಲ್ಲಿ ಅಗ್ಗಕ್ಕೆ ಹೋಗಿರುತ್ತದೆ.