ಕೈಗಾಕ್ಕೂ ತಪಾಸಣೆ ಬರಲಿ

ಚೆಂಬೂರು, ಮಾನ್‌ಖುರ್ದ್ ಕಡೆಯ ನಮ್ಮ ಕನ್ನಡದವರಲ್ಲಿ ಬಿಎಆರ್‌ಸಿಯಲ್ಲಿ (ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ) ದುಡಿದು ರಿಟೈರ್ ಆದವರು ಎಷ್ಟೋ ಜನ ಇದ್ದಾರೆ. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ "ಕರೆಂಟಿನ ಅಣು ಬೇರೆ, ಬಾಂಬಿನ ಅಣು ಬೇರೆ" ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಅದಕ್ಕೇ ಕಾರವಾರದ ಕಡೆಯ ಕೈಗಾ ಅಣುವಿದ್ಯುತ್ ಸ್ಥಾವರಕ್ಕೂ, ಅಣು ಇಂಧನ ಬಾಂಬಿಗೆ ಹೋಗದಂತೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ತಪಾಸಣೆ ಬರಲಿ ಅನ್ನುತ್ತೇನೆ.

ಟ್ರಾಂಬೆಯ ಸೈರಸ್ ರಿಯಾಕ್ಟರನ್ನೇ ನೋಡಿ. 1960ರಲ್ಲಿ ಶುರುವಾಯಿತು. ರಿಯಾಕ್ಟರ್ ಕೆನಡಾದ್ದು, ಅದನ್ನು ನಡೆಸಲು ಬೇಕಾದ ಭಾರಜಲ (ಒಂದು ವಿಶೇಷ ಬಗೆಯ ನೀರು) ಅಮೆರಿಕದ್ದು. ಶಾಂತಿಯ ಕೆಲಸಕ್ಕೆ ಮಾತ್ರ ಬಳಸುತ್ತೇವೆ ಎಂದು ಮಾತು ಕೊಟ್ಟು ತಂದಿದ್ದು. ರಿಯಾಕ್ಟರಿನೊಳಗೆ ಯುರೇನಿಯಂನ ಒಂದು ಪಾಲು ಪ್ಲುಟೋನಿಯಂ ಆಗುತ್ತದೆ. ಇಂಧನವನ್ನು ಬೇಗ ಹೊರಗೆ ತೆಗೆದರೆ ಆ ಪ್ಲುಟೋನಿಯಂ ಬಾಂಬಿಗೆ ಸರಿಹೋಗುತ್ತದೆ. ಜಾಸ್ತಿ ದಿನ ಬಿಟ್ಟರೆ ಪ್ಲುಟೋನಿಯಂ-240 ಎಂಬ ಇನ್ನೊಂದು ಬಗೆ ಹೆಚ್ಚಾಗಿ ಬಾಂಬು ಮಾಡುವವರಿಗೆ ತಲೆನೋವು. ಅಂದರೆ ಯಂತ್ರ ಅದೇ, ಯಾವಾಗ ತೆಗೆಯುತ್ತೀರಿ ಅನ್ನುವುದಷ್ಟೇ ವ್ಯತ್ಯಾಸ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಮ್ಮ ಮೊದಲ ಅಣುಪರೀಕ್ಷೆಯಲ್ಲಿ ಸಿಡಿದದ್ದು ಸೈರಸ್‌ನ ಪ್ಲುಟೋನಿಯಂ. ಆಗ ಬಿಎಆರ್‌ಸಿ ನಿರ್ದೇಶಕರಾಗಿದ್ದವರು ನಮ್ಮ ರಾಜಾ ರಾಮಣ್ಣ.

ಅದರ ಪೆಟ್ಟು ಬಿದ್ದದ್ದು ಕರೆಂಟಿನ ಮೇಲೆ. ಕೆನಡಾ ಕೈಬಿಟ್ಟಿತು. ರಾಜಸ್ಥಾನದ ಎರಡನೇ ರಿಯಾಕ್ಟರನ್ನು ನಮ್ಮವರೇ ಒದ್ದಾಡಿ ಮುಗಿಸಬೇಕಾಯಿತು. ತಾರಾಪುರದ ಇಂಧನಕ್ಕೆ ಅಮೆರಿಕ ತಕರಾರು ತೆಗೆಯಿತು. 1982ರಲ್ಲಿ ಇಂಧನ ಕೊಡಲು ಫ್ರಾನ್ಸ್ ಒಪ್ಪಿದ ಮೇಲೆ ಸ್ವಲ್ಪ ಉಸಿರಾಡಿದ್ದು.

ಅಮೆರಿಕದ ಜೊತೆ ಒಪ್ಪಂದಕ್ಕಾಗಿ 2006ರಲ್ಲಿ ಕರೆಂಟಿನ ಕೆಲಸ, ಬಾಂಬಿನ ಕೆಲಸ ಎರಡನ್ನೂ ಬೇರೆ ಮಾಡಿದರು. 22 ವಿದ್ಯುತ್ ರಿಯಾಕ್ಟರುಗಳಲ್ಲಿ 14 ಮಾತ್ರ ಅಂತರರಾಷ್ಟ್ರೀಯ ತಪಾಸಣೆಗೆ ಹೋದವು. ಹೊರಗೆ ಉಳಿದ ಎಂಟರಲ್ಲಿ ನಾಲ್ಕು ನಮ್ಮ ಕೈಗಾದವು! ಉಳಿದವು ತಾರಾಪುರದ ಎರಡು, ಕಲ್ಪಾಕ್ಕಂನ ಎರಡು.

ಕೈಗಾದಲ್ಲಿ ಬಾಂಬಿನ ಕೆಲಸ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಮೊದಲ ಘಟಕ 962 ದಿನ ಒಂದೇ ಸಮನೆ ಕರೆಂಟು ಕೊಟ್ಟು 2018ರಲ್ಲಿ ವಿಶ್ವದಾಖಲೆ ಮಾಡಿತು, ಅದು ನನಗೂ ಹೆಮ್ಮೆ. ಆದರೆ ಕೈಗಾದಂಥ ಭಾರಜಲದ ರಿಯಾಕ್ಟರುಗಳಲ್ಲಿ ಯಂತ್ರ ನಡೆಯುತ್ತಿರುವಾಗಲೇ ಇಂಧನ ಬದಲಾಯಿಸಬಹುದು, ಅಂದರೆ ಬೇಗ ಹೊರಗೆ ತೆಗೆಯುವುದೂ ಸುಲಭ. ಹಾಗಿರುವಾಗ ತಪಾಸಣೆ ಇಲ್ಲ ಅಂದರೆ ಅನುಮಾನ ಬರುತ್ತೆ ಅಲ್ವಾ? ಇನ್ನೊಂದು ನಷ್ಟವೂ ಇದೆ. ತಪಾಸಣೆ ಇರುವ ಕಡೆಗೆ ಮಾತ್ರ ಹೊರದೇಶದ ಯುರೇನಿಯಂ ಸಿಗುತ್ತದೆ. ಕೈಗಾ ದೇಶದೊಳಗಿನ ಅದಿರಿನ ಮೇಲೇ ನಿಂತಿದೆ.

ಅಣ್ವಸ್ತ್ರ ಬೇಕು ಅನ್ನುವವರ ಜೊತೆ ಇವತ್ತು ಜಗಳಕ್ಕಿಲ್ಲ. ಅವರ ಪಾಲಿಗೆ 1985ರಿಂದ ಟ್ರಾಂಬೆಯಲ್ಲಿ 100 ಮೆಗಾವ್ಯಾಟಿನ ಧ್ರುವ ರಿಯಾಕ್ಟರ್ ಇದೆ, ಅದಕ್ಕೂ ತಪಾಸಣೆ ಇಲ್ಲ. ಮನೆಗೆ ಕರೆಂಟು ಕೊಡುವ ಎಂಟು ರಿಯಾಕ್ಟರುಗಳನ್ನೂ ಅದರ ಸಾಲಿನಲ್ಲಿ ಯಾಕೆ ಇಡಬೇಕು? ಕಾರವಾರ, ಅಂಕೋಲಾ ಕಡೆಯವರು ಮುಂಬೈಯಲ್ಲಿ ಬೇಕಾದಷ್ಟು ಜನ ಇದ್ದೀರಿ. ಊರಿಗೆ ಹೋದಾಗ ನಿಮ್ಮ ಸಂಸದರನ್ನು ಈ ಪ್ರಶ್ನೆ ಕೇಳಿ, ದಯವಿಟ್ಟು.